ಪಾರ್ಟೋಗ್ರಾಫ್ ಹಾಳೆ ಮತ್ತು ನಾನು

ನಾನು ಹಳ್ಳಿಯೊಂದರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸ್ಟಾಫ್ ನರ್ಸ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಾರ್ಟೋಗ್ರಾಫನ್ನು, ಅಂದರೆ ಹೆರಿಗೆ ಹೇಗೆ ಸಾಗುತ್ತಿದೆ ಎಂದು ಆಗಾಗ ಗುರುತು ಹಾಕುವ ಹಾಳೆಯನ್ನು, ಹೆರಿಗೆ ಆದ ಮೇಲೆ ತುಂಬುತ್ತಿದ್ದೆ. ಮಗು ಅತ್ತು, ಮಾಸು ಬಿದ್ದು, ಟೀ ಕುಡಿದು, ಆಮೇಲೆ ಕೂತು ಚುಕ್ಕಿ ಇಡುವುದು. ಗೆರೆ ಬಹಳ ಚೆಂದ ಬರುತ್ತಿತ್ತು. ಹಿರಿಯ ಸಿಸ್ಟರ್ ಒಬ್ಬರು ನೋಡಿ ನಕ್ಕರು. "ಇಷ್ಟು ನೇರವಾಗಿ ಯಾರೂ ಹೆರಲ್ಲ ಕಣೇ" ಎಂದರು.

ನಾಚಿಕೆಯಾಯಿತು. ಅವತ್ತಿಂದ ಹಾಳೆಯನ್ನು ರಟ್ಟಿಗೆ ಸಿಕ್ಕಿಸಿ, ಪೆನ್ನಿಗೆ ದಾರ ಕಟ್ಟಿ ಮಂಚಕ್ಕೇ ನೇತುಹಾಕಿದೆ.

ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ, ತಾಯಿಯ ನಾಡಿ, ನೋವು. ಇದರಲ್ಲಿ ನೋವು ಎಣಿಸುವುದೇ ಕಷ್ಟ. ಹೊಟ್ಟೆ ಮೇಲೆ ಕೈಯಿಟ್ಟು ಪೂರ್ತಿ 10 ನಿಮಿಷ ಸುಮ್ನೆ ನಿಲ್ಲಬೇಕು. ಎರಡು ನಿಮಿಷ ನೋಡಿ ಐದರಿಂದ ಗುಣಿಸಿದರೆ ಆಗಲ್ಲ. ಹೊಟ್ಟೆ ಗಟ್ಟಿಯಾಗುವುದು ಅವಳು ನರಳುವ ಮೊದಲೇ ಕೈಗೆ ಗೊತ್ತಾಗುತ್ತದೆ. ಕಿರುಚಾಟ ನಂಬಿ ಲೆಕ್ಕ ಹಾಕಬಾರದು. ಹಲ್ಲು ಕಚ್ಚಿ ಸುಮ್ಮನಿದ್ದವರು ಎಷ್ಟೋ ಸಲ ನಾನು ಗ್ಲೌಸ್ ಹಾಕುವಷ್ಟರಲ್ಲಿ ಹೆತ್ತಿದ್ದಾರೆ. ನೋವು 20 ಸೆಕೆಂಡಿಗಿಂತ ಕಡಿಮೆಯಿದ್ದರೆ ಚೌಕದಲ್ಲಿ ಚುಕ್ಕಿ, 40ರವರೆಗೆ ಓರೆಗೆರೆ, ಅದನ್ನೂ ಮೀರಿದರೆ ಚೌಕ ಪೂರ್ತಿ ಕಪ್ಪು. ಒಳಪರೀಕ್ಷೆ ಮಾತ್ರ 4 ಗಂಟೆಗೊಮ್ಮೆ. ಪದೇಪದೇ ಮಾಡಿದರೆ ಸೋಂಕಿನ ಭಯ.

ಒಂದು ರಾತ್ರಿ 10ಕ್ಕೆ ಚೊಚ್ಚಲು ಬಸುರಿ ಒಬ್ಬಳು ಬಂದಳು. ಗರ್ಭಕೋಶದ ಬಾಯಿ 4 ಸೆಂ.ಮೀ. ತೆರೆದಿತ್ತು. ಹಾಳೆಯಲ್ಲಿ 'ಹುಷಾರು' ಎನ್ನುವ ಓರೆಗೆರೆಯಾದ ಅಲರ್ಟ್ ಲೈನಿನ ಮೇಲೆ ಗುರುತು ಹಾಕಿದೆ. ಗಂಟೆಗೆ 1 ಸೆಂ.ಮೀ. ಲೆಕ್ಕದಲ್ಲಿ 2ಕ್ಕೆ 8 ಆಗಬೇಕಿತ್ತು. 6 ಆಗಿತ್ತು. ಗುರುತು ಗೆರೆಯ ಬಲಕ್ಕೆ, ಅಂದರೆ ತಡದ ಕಡೆಗೆ ಹೋಗಿತ್ತು. ಮಗುವಿನ ಎದೆಬಡಿತ 140, ಗರ್ಭದ ನೀರು ತಿಳಿ. ಏನೂ ಕೆಟ್ಟಿರಲಿಲ್ಲ. ಆದರೂ 108ಕ್ಕೆ ಫೋನ್ ಮಾಡಿದೆ.

"ಇನ್ನೊಂಚೂರು ನೋಡಿ ಸಿಸ್ಟರಮ್ಮ, ಚೊಚ್ಚಲು, ತಡ ಆಗ್ತದೆ" ಎಂದು ಅತ್ತೆ ಹಟ ಹಿಡಿದರು. ಹಾಳೆ ತೋರಿಸಿದೆ. 'ಇನ್ನು ಕಾಯಬೇಡ, ಏನಾದರೂ ಮಾಡು' ಎನ್ನುವ ಎರಡನೇ ಓರೆಗೆರೆ, ಆ್ಯಕ್ಷನ್ ಲೈನಿಗೆ ಇನ್ನೂ 2 ಗಂಟೆ ಇತ್ತು. ತಾಲ್ಲೂಕು ಆಸ್ಪತ್ರೆಗೆ ದಾರಿ ಒಂದು ಗಂಟೆ, ನಮ್ಮಲ್ಲಿ ಆಪರೇಷನ್ ಥಿಯೇಟರ್ ಇಲ್ಲ. 1972ರಲ್ಲಿ ಫಿಲ್ಪಾಟ್ ಮತ್ತು ಕ್ಯಾಸಲ್ ಎಂಬ ವೈದ್ಯರು ಆಗಿನ ರೊಡೇಷಿಯಾದಲ್ಲಿ (ಈಗಿನ ಜಿಂಬಾಬ್ವೆ) ಈ ಎರಡು ಗೆರೆಗಳ ನಡುವೆ 4 ಗಂಟೆ ಬಿಟ್ಟಿದ್ದು ಇಂಥದ್ದಕ್ಕೇ. ಅಲ್ಲೂ ನರ್ಸು ಹಳ್ಳಿಯಲ್ಲಿ, ದೊಡ್ಡಾಸ್ಪತ್ರೆ ದೂರದಲ್ಲಿ.

ತಾಲ್ಲೂಕು ಆಸ್ಪತ್ರೆಯಲ್ಲಿ ಅವಳಿಗೆ ನೋವು ಹೆಚ್ಚಿಸುವ ಡ್ರಿಪ್ ಹಾಕಿದರು. ಬೆಳಗ್ಗೆ ಆರೂವರೆಗೆ ನಾರ್ಮಲ್ ಹೆರಿಗೆ, ಹೆಣ್ಣು ಮಗು. ಲಸಿಕೆಗೆ ಬಂದಾಗ ಅತ್ತೆ ಬಿಡಲಿಲ್ಲ. "ಇಲ್ಲೇ ಆಗ್ತಿತ್ತಲ್ವಾ ಸಿಸ್ಟರಮ್ಮ?"

"ಆಗ್ತಿತ್ತೇನೋ ಅಮ್ಮ" ಎಂದೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಂದ ಹೊಸ ಹಾಳೆಯಲ್ಲಿ ಆ ಓರೆ ಗೆರೆಗಳೇ ಇಲ್ಲ. ಲೆಕ್ಕ ಶುರುವಾಗುವುದೇ 5 ಸೆಂ.ಮೀ.ನಿಂದ. 5 ಸೆಂ.ಮೀ.ನಲ್ಲೇ ನಿಂತರೆ 6 ಗಂಟೆ, 6ರಲ್ಲೇ ನಿಂತರೆ 5 ಗಂಟೆ ಹೀಗೆ ಗಡುವು. ಅದರ ಪ್ರಕಾರ ಆ ಹುಡುಗಿ ತಡವೇ ಮಾಡಿರಲಿಲ್ಲ. ತರಬೇತಿಯಲ್ಲಿ ಇದನ್ನು ಕೇಳುವಾಗ ಅತ್ತೆಯ ಮುಖವೇ ಕಣ್ಣ ಮುಂದೆ ಬಂತು. ಆದರೂ ಥಿಯೇಟರ್ ಇಲ್ಲದ ನಮ್ಮ ಕೇಂದ್ರದಿಂದ ಅವಳನ್ನು ಇವತ್ತೂ ಕಳಿಸುತ್ತಿದ್ದೆ.