ಸೂರ್ಯ ಕಾಣದ ಊರಿನಲ್ಲಿ ಎಳ್ಳು ಬೀರಿದ ಬಗೆ: ನನ್ನ ಅನುಭವ

ಮೂರನೆಯ ವರ್ಷದ ಪ್ರಯತ್ನದಲ್ಲಿ, ನಾರ್ವೆಯ ಉತ್ತರ ಭಾಗದ ಟ್ರೋಮ್ಸೋದಲ್ಲಿ ನಮ್ಮ ಸಂಕ್ರಾಂತಿ ನಿಜವಾಗಿಯೂ ಹಬ್ಬವಾಯಿತು. ಸುಮಾರು ಇಪ್ಪತ್ತಾರು ಮಂದಿ ಸೇರಿದ್ದರು. ಅವರಲ್ಲಿ ಕನ್ನಡ ಬಲ್ಲವರು ನಮ್ಮ ಮನೆಯ ಮೂವರು ಮಾತ್ರ. ಇದು ಆಗುವ ಹೋಗುವ ಮಾತಲ್ಲವೆಂದು ಓಸ್ಲೋದ ಪರಿಚಯದವರೂ ಮಂಡ್ಯದ ಮನೆಯವರೂ ಒಂದೇ ದನಿಯಲ್ಲಿ ಹೇಳಿದ್ದರಿಂದ, ಮಾಡಿದ ಬಗೆಯನ್ನು ಬರೆದಿಡುತ್ತಿದ್ದೇನೆ. ಎಳ್ಳು ಬೆರೆಸುವುದು, ಪಾಕ ತೆಗೆಯುವುದು ಓದುಗರಿಗೆ ಗೊತ್ತಿದೆಯೆಂದು ಭಾವಿಸಿದ್ದೇನೆ.

ಮೊದಲ ತೊಡಕು ಬಿಸಿಲಿನದು. ಇಲ್ಲಿ ನವೆಂಬರ್ ಕೊನೆಯಿಂದ ಜನವರಿಯ ಮಧ್ಯದವರೆಗೆ ಸೂರ್ಯ ದಿಗಂತದ ಮೇಲೆ ಏರುವುದಿಲ್ಲ. ಸುತ್ತಣ ಬೆಟ್ಟಗಳ ಮರೆಯಿಂದ ಊರಿಗೆ ಮುಖ ತೋರುವುದು ಜನವರಿ 21ರ ಸುಮಾರಿಗೆ. ಹೆಚ್ಚಿದ ಕೊಬ್ಬರಿಯನ್ನೂ ಬೆಲ್ಲವನ್ನೂ ಅಂಗಳದಲ್ಲಿ ಎರಡು ದಿನ ಒಣಹಾಕಿ ಬೆಳೆದವಳು ನಾನು. ಮೊದಲ ವರ್ಷ ಒಣ ಕೊಬ್ಬರಿ ಸಿಗದೆ ಹಸಿ ತೆಂಗಿನಕಾಯಿಯನ್ನೇ ಹೆಚ್ಚಿ ಓವನ್‌ನಲ್ಲಿಟ್ಟೆ. ಅಂಚು ಕಂದಿತು, ಒಳಗೆ ಹಸಿಯೇ ಉಳಿಯಿತು, ಐದನೆಯ ದಿನಕ್ಕೆ ಇಡೀ ಎಳ್ಳು ಕಮಟಿತು. ಎರಡು ಕಿಲೋ, ಅಂದರೆ ಇಲ್ಲಿಯ ಹಣದಲ್ಲಿ 450 ಕ್ರೋನರ್‌ನಷ್ಟು ಸಾಮಾನು ಕಸದ ಬುಟ್ಟಿ ಸೇರಿದ ದಿನ ನಾನು ಅತ್ತದ್ದೂ ನಿಜ. ಈಗ ಬಟ್ಟೆ ಒಗೆಯುವ ಕೋಣೆಯ ನೆಲವನ್ನು ಬಳಸುತ್ತೇನೆ. ಇಲ್ಲಿ ಅಂಥ ಕೋಣೆಗಳ ನೆಲದಡಿ ವಿದ್ಯುತ್ ತಂತಿ ಹಾಯಿಸಿ ಬೆಚ್ಚಗಿಡುತ್ತಾರೆ. ಅದರ ಮೇಲೆ ಮರದ ಹಲಗೆಯಿಟ್ಟು, ಹತ್ತಿಯ ಪಂಚೆ ಹಾಸಿ, ಮೂರು ರಾತ್ರಿ ಹರಡಿದರೆ ಕೊಬ್ಬರಿ ಗಲಗಲ ಸದ್ದು ಮಾಡುವಷ್ಟು ಒಣಗುತ್ತದೆ.

ಸಕ್ಕರೆ ಅಚ್ಚಿಗೆ ಆದ ಖರ್ಚನ್ನು ಹೇಳಲೇಬೇಕು. ಮೈಸೂರಿನಿಂದ ತರಿಸಿದ ಮರದ ಅಚ್ಚುಗಳ ಬೆಲೆ 700 ರೂಪಾಯಿಯಾದರೆ ಅಂಚೆಗೆ 2,300 ತಗುಲಿತು, ಇಲ್ಲಿ ಇಳಿದ ಮೇಲೆ ತೆರಿಗೆ ಬೇರೆ. ಮನೆಯೊಳಗಿನ ಒಣ ಶಾಖಕ್ಕೆ ಆನೆಯ ಅಚ್ಚು ಮೊದಲ ಚಳಿಗಾಲದಲ್ಲೇ ಸೀಳಿತು. ಉಳಿದವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟು ಕಾಪಾಡಿದೆ. 1933ರಲ್ಲಿ ಶುರುವಾದ ಸಕ್ಕರೆ ಕಾರ್ಖಾನೆಯ ಊರಿನವರಾದ ನಮ್ಮ ಹಿರಿಯರು, ಇಲ್ಲಿ ಸಿಗುವ ಬೀಟ್‌ಗೆಡ್ಡೆಯ ಸಕ್ಕರೆಯಲ್ಲಿ ಅಚ್ಚು ಕೂರುವುದೇ ಇಲ್ಲವೆಂದು ಖಚಿತವಾಗಿ ನುಡಿದಿದ್ದರು. ಕೂರುತ್ತದೆ, ಹಾಲಿನಷ್ಟು ಬೆಳ್ಳಗೂ ಇರುತ್ತದೆ. ಈ ಸಲ ತೆಗೆದ ನೂರ ನಲವತ್ತರಲ್ಲಿ ಮುರಿದವು ಹತ್ತೋ ಹನ್ನೆರಡೋ. ಪಾಕವನ್ನು ಒಲೆಯಿಂದ ಇಳಿಸುವ ಕ್ಷಣಕ್ಕೆ ನನ್ನ ತಾಯಿ ಹೇಳಿಕೊಟ್ಟ ಗುರುತೊಂದಿದೆ. ಅದು ಮನೆಯ ಸ್ವತ್ತಾದ್ದರಿಂದ ಇಲ್ಲಿ ಬರೆಯುವುದಿಲ್ಲ.

ಸಾಮಾನಿಗಿಂತ ಜನರನ್ನು ಕೂಡಿಸುವುದು ಕಷ್ಟವಾಯಿತು. ಮೊದಲ ವರ್ಷ ನಮ್ಮೂರಿನ ರೂಢಿಯಂತೆ ತಟ್ಟೆ ಹಿಡಿದು ಅಕ್ಕಪಕ್ಕದ ಒಂಬತ್ತು ಬಾಗಿಲು ತಟ್ಟಿದೆ. ಮುಂಚಿತವಾಗಿ ತಿಳಿಸದೆ ಬರುವುದು ಇಲ್ಲಿಯವರಿಗೆ ಗಲಿಬಿಲಿಯ ವಿಷಯ. ಎಲ್ಲರೂ ನಯವಾಗಿ ಪೊಟ್ಟಣ ತೆಗೆದುಕೊಂಡು ಬಾಗಿಲು ಹಾಕಿಕೊಂಡರು. ಒಬ್ಬ ತಾಯಿ ಮಾತ್ರ ಮರುದಿನ ಬಂದು, ಮಗುವಿಗೆ ಕಡಲೆಕಾಯಿ ಅಲರ್ಜಿಯೆಂದು ತಿಳಿಸಿ ಪೊಟ್ಟಣ ಹಿಂದಿರುಗಿಸಿದಳು. ಕೈ ನಡುಗಿತು. ಅಂದಿನಿಂದ ಪ್ರತಿ ಪೊಟ್ಟಣದ ಮೇಲೆ ಒಳಗಿರುವುದನ್ನೆಲ್ಲ ನಾರ್ವೇಜಿಯನ್ ಭಾಷೆಯಲ್ಲಿ ಬರೆಯುತ್ತೇನೆ, ಕಡಲೆಕಾಯಿ ಬೀಜದ ಬದಲು ಸೂರ್ಯಕಾಂತಿ ಬೀಜ ಹುರಿದು ಹಾಕಿದ ಮಿಶ್ರಣವನ್ನು ಬೇರೆ ಪಾತ್ರೆ, ಬೇರೆ ಚಮಚದಲ್ಲಿ ಮಾಡುತ್ತೇನೆ. ಎರಡನೆಯ ವರ್ಷ ಜನವರಿ 14ಕ್ಕೆ ಹದಿನಾಲ್ಕು ಮಂದಿಯನ್ನು ಊಟಕ್ಕೆ ಕರೆದೆ, 1,900 ಕ್ರೋನರ್ ಖರ್ಚು ಮಾಡಿದೆ, ನಾಲ್ವರು ಬಂದರು. ಉಳಿದ ಹುಗ್ಗಿಯನ್ನು ಮಾರ್ಚ್‌ವರೆಗೆ ನಾವೇ ತಿಂದೆವು.

ದಾರಿ ತೋರಿಸಿದ್ದು ಆ ವಸಂತದ ಡುಗ್ನಾಡ್. ವಸತಿ ಸಮುಚ್ಚಯದವರೆಲ್ಲ ಒಂದು ದಿನ ಕೂಡಿ ಅಂಗಳ ಗುಡಿಸಿ, ಬೇಲಿಗೆ ಬಣ್ಣ ಹೊಡೆಯುವ ಪದ್ಧತಿಗೆ ಇಲ್ಲಿ ಹಾಗೆನ್ನುತ್ತಾರೆ. ಒಂದೂವರೆ ವರ್ಷ ಲಿಫ್ಟಿನಲ್ಲಿ ತಲೆ ಮಾತ್ರ ಆಡಿಸಿದ್ದ ನೆರೆಯವರು ಅಂದು ಕುಂಟೆ ಹಿಡಿದು ನನ್ನೊಡನೆ ಎರಡು ಗಂಟೆ ಮಾತನಾಡಿದರು. ಒಬ್ಬರ ಹೊಲದ ಕೆಲಸಕ್ಕೆ ಇನ್ನೊಬ್ಬರು ಕೈಗೂಡಿಸುವ ನಮ್ಮ ಕಡೆಯ ಮುಯ್ಯಾಳು ನೆನಪಾಯಿತು. ಹಾಗಾಗಿ ಮೂರನೆಯ ವರ್ಷ ಹಬ್ಬಕ್ಕೆ ಯಾರನ್ನೂ ಕರೆಯಲಿಲ್ಲ. ಹತ್ತು ಹನ್ನೊಂದು ದಿನ ಮೊದಲಿನ ಶನಿವಾರ, ಕೊಬ್ಬರಿ ಹೆಚ್ಚಲು ಕೈಗಳು ಬೇಕಾಗಿವೆ, ಚಾಕು ತನ್ನಿ, ಎಂದಷ್ಟೇ ತಿಳಿಸಿದೆ. ಹನ್ನೊಂದು ಮಂದಿ ಬಂದರು. ನಾಲ್ಕು ಗಂಟೆಯಲ್ಲಿ ಮೂರು ಕಿಲೋ ಕೊಬ್ಬರಿ, ಎರಡು ಕಿಲೋ ಬೆಲ್ಲ ಹೆಚ್ಚಿಯಾಯಿತು. ತಾವು ಹೆಚ್ಚಿದ ಎಳ್ಳು ಏನಾಯಿತೆಂದು ನೋಡಲು ಅವರೇ ಮನೆಮಂದಿಯನ್ನು ಕರೆತಂದರು.

ಬೀರಿದ್ದು 21ರಂದು. ಇದಕ್ಕೂ ಆಕ್ಷೇಪ ಬಂತು. ಪೂಜೆ 14ರಂದೇ ಮುಗಿದಿತ್ತು. ರಥಸಪ್ತಮಿಯವರೆಗೆ ಎಳ್ಳು ಬೀರುವ ರೂಢಿ ನಮ್ಮ ಮನೆಯಲ್ಲಿದೆ, ನಾನು ಅದನ್ನೇ ಹಿಡಿದೆ. 21 ಈ ಊರಿಗೆ ಸೂರ್ಯನ ದಿನ. ಅಂದು ಎಲ್ಲರೂ ಸೂಲ್‌ಬೊಲ್ಲೆ ತಿನ್ನುತ್ತಾರೆ, ಅಂದರೆ ಎಣ್ಣೆಯಲ್ಲಿ ಕರಿದು ಒಳಗೆ ಜಾಮ್ ತುಂಬಿದ ದುಂಡನೆಯ ಬನ್ನು. ಅವರು ಅದನ್ನು ತಂದರು, ನಾನು ಎಳ್ಳು, ಅಚ್ಚು, ಬೇಯಿಸಿದ ಗೆಣಸು ಒಯ್ದೆ. ಕಬ್ಬು ಸಿಗಲಿಲ್ಲ. ನಡುಹಗಲಲ್ಲಿ, ಊರಿರುವ ದ್ವೀಪದ ದಕ್ಷಿಣ ದಂಡೆಯಲ್ಲಿ ಬೆಂಕಿ ಹಾಕಿದೆವು; ಅದು ನಮಗೆ ಕಿಚ್ಚು, ಅವರಿಗೆ ದಂಡೆಯ ಎಂದಿನ ಬೆಂಕಿ. ದನಗಳಿಲ್ಲದ ಕಾರಣ ನೆರೆಮನೆಯ ನಾಯಿಯ ಕೊರಳಿಗೆ ಅರಿಶಿನ ಬಣ್ಣದ ಪಟ್ಟಿ ಕಟ್ಟಿ, ಕಿಚ್ಚಿನ ಪಕ್ಕದಿಂದ ನಡೆಸಿದರು. ಮೋಡದ ಅಂಚು ಕೆಲವು ನಿಮಿಷ ಕೆಂಪಾಯಿತು. ಅಷ್ಟಕ್ಕೇ ಮಕ್ಕಳು ಕೂಗಿದರು, ನಾನೂ ಕೂಗಿದೆ.

ಬೆಲ್ಲದ ಬದಲು ಇಲ್ಲಿನ ಕಂದು ಚೀಸ್ ಹಾಕಿ ಒಮ್ಮೆ ಹುಗ್ಗಿ ಮಾಡಿ ನೋಡಿದ್ದೆ. ಉಪ್ಪು ಮುಂದಾಗಿ ಕೆಟ್ಟಿತು, ಯಾರೂ ಮಾಡಬೇಡಿ. ಬೆಲ್ಲದ ಹುಗ್ಗಿಗೆ ಮಾತ್ರ ವಿವರಣೆ ಬೇಕಾಗಲಿಲ್ಲ: ಕ್ರಿಸ್‌ಮಸ್ ಕಾಲದ ಅವರ ಅಕ್ಕಿ ಗಂಜಿಯ ನಡುವೆಯೂ ಬೆಣ್ಣೆಯ ಕಣ್ಣೊಂದು ಕರಗುತ್ತಿರುತ್ತದೆ, ನಮ್ಮದರಲ್ಲಿ ತುಪ್ಪ. ಈ ಸಲದ ಹಬ್ಬದ ಒಟ್ಟು ವೆಚ್ಚ 900 ಕ್ರೋನರ್ ದಾಟಲಿಲ್ಲ.

ಅಂದು ಕೊಬ್ಬರಿ ಹೆಚ್ಚಿದ ನೆರೆಯಾಕೆ ಕಳೆದ ವಾರ ಬರ್ಚ್ ಮರದಲ್ಲಿ ಮೀನಿನ ಅಚ್ಚೊಂದನ್ನು ಕೆತ್ತಿ ತಂದುಕೊಟ್ಟಿದ್ದಾಳೆ. ನಿನ್ನೆ ರಾತ್ರಿಯಿಂದ ಅದನ್ನು ನೀರಿನಲ್ಲಿ ನೆನೆಹಾಕಿದ್ದೇನೆ. ಪಾಕ ಬಿಡುತ್ತದೆಯೋ ಇಲ್ಲವೋ ನಾಳೆ ಇಬ್ಬರೂ ಕೂತು ನೋಡುತ್ತೇವೆ.