ಡ್ಯಾಕ್ ಮನೆಗೆ ಬಂತು, ಹಾಡು ಎಲ್ಲಿಂದ ತರೋದು?

ನನ್ನ ಹತ್ತಿರ ಇರುವುದು ಒಂದು ಹಳೆಯ ಸ್ಟೀರಿಯೋ ಆಂಪ್ಲಿಫೈಯರ್, ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್, ಮತ್ತೆ ಟಾಪಿಂಗ್ ಇ30 ಅನ್ನುವ ಡ್ಯಾಕ್. ಡಿಜಿಟಲ್ ರೂಪದಲ್ಲಿ ಬರುವ ಹಾಡನ್ನು ಆಂಪ್ಲಿಫೈಯರ್‌ಗೆ ಬೇಕಾದ ಅನಲಾಗ್ ಸಿಗ್ನಲ್ ಆಗಿ ಮಾಡಿಕೊಡುವುದು ಡ್ಯಾಕ್‌ನ ಕೆಲಸ. ಆದರೆ ಅದಕ್ಕೆ ವೈಫೈ ಇಲ್ಲ, ಸ್ಪಾಟಿಫೈ ಗೊತ್ತಿಲ್ಲ. ಇಂಟರ್‌ನೆಟ್‌ನಿಂದ ಹಾಡು ತಂದು ಅದರ ಬಾಯಿಗೆ ಇಡಲು ನಡುವೆ ಇನ್ನೊಂದು ಸಾಮಾನು ಬೇಕು. ಅದಕ್ಕೇ ಸ್ಟ್ರೀಮರ್ ಅಂತ ಹೆಸರಿಟ್ಟು ಹತ್ತಾರು ಸಾವಿರಕ್ಕೆ, ಕೆಲವು ಕಡೆ ಲಕ್ಷಕ್ಕೂ ಮಾರುತ್ತಾರೆ.

ನನ್ನ ಹಠ ಒಂದೇ ಇತ್ತು. ಈ ನಡುವಿನ ಸಾಮಾನಿಗೆ ಡ್ಯಾಕ್‌ಗಿಂತ ಜಾಸ್ತಿ ದುಡ್ಡು ಹಾಕಬಾರದು. ಅದು ಸಂಗೀತವನ್ನು ಚಂದ ಮಾಡುವುದಿಲ್ಲ, ಬಂದ ಅಂಕಿಗಳನ್ನು ಕೆಡಿಸದೆ ದಾಟಿಸಿದರೆ ಅದರ ಕೆಲಸ ಮುಗಿಯಿತು. ದಾಟಿಸಿದೆಯೋ ಇಲ್ಲವೋ ನೋಡಲು ಇ30ಯ ಮುಂದೆ ಸಣ್ಣ ಡಿಸ್‌ಪ್ಲೇ ಇದೆ. ಬರುತ್ತಿರುವ ಸಿಗ್ನಲ್ 44.1 ಕಿಲೋಹರ್ಟ್ಸೋ, 48ಓ, 96ಓ ಅಂತ ತೋರಿಸುತ್ತದೆ. ಅಂದರೆ ಸೆಕೆಂಡಿಗೆ ಎಷ್ಟು ಸಾವಿರ ಸಲ ಸದ್ದನ್ನು ಅಳೆದು ಅಂಕಿ ಮಾಡಿದ್ದಾರೆ ಅನ್ನುವ ಲೆಕ್ಕ. ಸಿ.ಡಿ.ಯ ಲೆಕ್ಕ 44.1. ಸ್ಪಾಟಿಫೈ ಹಾಡುಗಳೂ ಅದರಲ್ಲೇ ಬರುತ್ತವೆ. ಹಾಗಾಗಿ ಯಾವ ದಾರಿ ಹಿಡಿದರೂ ನಾನು ಮೊದಲು ನೋಡುತ್ತಿದ್ದದ್ದು ಆ ಅಂಕಿ.

ಎಲ್ಲಕ್ಕಿಂತ ಅಗ್ಗದ್ದು ಫೋನ್. ಫೋನಿಗೆ ಯುಎಸ್‌ಬಿ ಸಾಮಾನು ಜೋಡಿಸುವ, ಇನ್ನೂರು ರೂಪಾಯಿ ಒಳಗಿನ ಒ.ಟಿ.ಜಿ. ಕೇಬಲ್ ಸಾಕು. ಆಂಡ್ರಾಯ್ಡ್ ಫೋನಿಗೆ ಚುಚ್ಚಿ, ಇನ್ನೊಂದು ತುದಿಗೆ ಡ್ಯಾಕ್‌ನ ಯುಎಸ್‌ಬಿ ಕೇಬಲ್ ಸೇರಿಸಿದರೆ ಡ್ರೈವರ್ ಗಿವರ್ ಏನೂ ಕೇಳದೆ ಹಾಡು ಶುರು. ಡಿಸ್‌ಪ್ಲೇ ಮಾತ್ರ 48 ಅನ್ನುತ್ತದೆ. ಎಷ್ಟೋ ಆಂಡ್ರಾಯ್ಡ್ ಫೋನ್‌ಗಳು ಎಲ್ಲ ಆ್ಯಪ್‌ಗಳ ಸದ್ದನ್ನೂ ಒಟ್ಟಿಗೆ ಸೇರಿಸಿ 48ಕ್ಕೆ ಬದಲಾಯಿಸಿ ಹೊರಗೆ ಕಳಿಸುತ್ತವೆ. ಇದನ್ನು ತಪ್ಪಿಸಲು ಯುಎಸ್‌ಬಿ ಆಡಿಯೋ ಪ್ಲೇಯರ್ ಪ್ರೊ ಅನ್ನುವ ದುಡ್ಡಿನ ಆ್ಯಪ್ ಇದೆ. ಆದರೆ ಅದರೊಳಗೆ ಸ್ಪಾಟಿಫೈ ಓಡುವುದಿಲ್ಲ, ಫೋನಿನಲ್ಲಿ ತುಂಬಿಟ್ಟ ಫೈಲುಗಳಿಗೆ ಚೆನ್ನ. ನಿಜ ಹೇಳಬೇಕೆಂದರೆ 48ಕ್ಕೆ ಬದಲಾದ ಹಾಡಿಗೂ ಮೂಲದ ಹಾಡಿಗೂ ನನ್ನ ಕಿವಿಗೆ ವ್ಯತ್ಯಾಸ ಸಿಗಲಿಲ್ಲ. ನನಗೆ ಬೇಜಾರಾಗಿದ್ದು ಬೇರೆ ಕಾರಣಕ್ಕೆ. ವಾಟ್ಸಾಪ್ ಮೆಸೇಜ್ ಬಂದರೆ ಅದರ ಟಣ್ ಕೂಡ ಸ್ಪೀಕರಿನಲ್ಲಿ. ಫೋನ್ ಬಂದರೆ ಹಾಡು ಬಂದ್. ಚಾರ್ಜ್ ಮಾಡೋಣ ಅಂದರೆ ತೂತು ಒಂದೇ. ಕೇಬಲ್ ಉದ್ದ ಇರುವಷ್ಟೇ ದೂರ ನಾವು ಕೂರಬೇಕು. ಮನೆಯಲ್ಲಿ ಬಿಟ್ಟಿ ಬಿದ್ದಿರುವ ಹಳೆಯ ಫೋನ್ ಇದ್ದರೆ ಸಿಮ್ ತೆಗೆದು, ಇದಕ್ಕೇ ಅಂತ ಇಟ್ಟುಬಿಡಬಹುದು. ಅದು ಒಳ್ಳೆಯ ಉಪಾಯವೇ.

ಲ್ಯಾಪ್‌ಟಾಪ್ ಹಚ್ಚಿದಾಗ ಸ್ಪೀಕರಿನಲ್ಲಿ ಗುಂಯ್ ಅನ್ನುವ ಸದ್ದು ಶುರುವಾಯಿತು. ಅಪ್ಪ ಸ್ವಲ್ಪ ಹೊತ್ತು ಕೇಳಿ, "ತಮ್ಮಾ, ಇದೇನ್ ತಂಬೂರಿ ಹಚ್ಚೀಯೇನು? ಶ್ರುತಿನ ಕೂಡವಲ್ದಲ್ಲೋ" ಅಂದರು. ಈ ಸದ್ದಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಬೆಳಗಾವಿಯ ನಮ್ಮ ಶಹಾಪುರದಂಥ ಹಳೆಯ ಗಲ್ಲಿಗಳಲ್ಲಿ ಇರುವವರಿಗೆ ಡ್ಯಾಕ್ ಯಾವುದು ಅನ್ನುವುದಕ್ಕಿಂತ ಇದೇ ದೊಡ್ಡ ವಿಷಯ.

ಮೊದಲ ಪರೀಕ್ಷೆ ಸುಲಭ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ. ನನಗೆ ಸದ್ದು ಅಲ್ಲಿಗೇ ನಿಂತಿತು. ಅಂದರೆ ಡ್ಯಾಕ್ ಸರಿ ಇದೆ, ಆಂಪ್ಲಿಫೈಯರ್ ಸರಿ ಇದೆ, ತೊಂದರೆ ಹೆಚ್ಚಾಗಿ ಚಾರ್ಜರ್ ಮತ್ತು ಮನೆಯ ಅರ್ಥಿಂಗ್ ಕಡೆ ಇದೆ. ಚಾರ್ಜರ್ ಒಳಗೆ ಕಿರಿಕಿರಿ ಸಿಗ್ನಲ್‌ಗಳನ್ನು ತಡೆಯಲು ಹಾಕಿರುವ ಸಣ್ಣ ಕೆಪ್ಯಾಸಿಟರ್‌ಗಳಿರುತ್ತವೆ. ಅವುಗಳ ಮೂಲಕ ಅತಿ ಸಣ್ಣ ಕರೆಂಟು ಸೋರುತ್ತದೆ. ಅದು ಮೂರನೇ ಪಿನ್ನಿನ ತಂತಿ ಹಿಡಿದು ನೆಲಕ್ಕೆ ಇಳಿಯಬೇಕು. ಹಳೆಯ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತು ಇರುತ್ತವೆ, ಮೂರನೇ ತೂತಿನ ಹಿಂದೆ ತಂತಿಯೇ ಇರುವುದಿಲ್ಲ! ಆಗ ಆ ಕರೆಂಟು ಯುಎಸ್‌ಬಿ ಕೇಬಲ್ಲಿನ ಗ್ರೌಂಡ್ ಹಿಡಿದು ಡ್ಯಾಕ್‌ಗೆ, ಡ್ಯಾಕ್‌ನಿಂದ ಆಂಪ್ಲಿಫೈಯರ್‌ಗೆ ಹೋಗುತ್ತದೆ. ಅದೇ ಗುಂಯ್. ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದಾಗ ಬೆರಳಿಗೆ ಜುಂ ಅನ್ನುವುದೂ ಅದೇ.

ಕೆಲವರು ಪ್ಲಗ್ಗಿನ ಅರ್ಥ್ ಪಿನ್ ಮುರಿದು ಸದ್ದು ನಿಲ್ಲಿಸಿದೆವು ಅನ್ನುತ್ತಾರೆ. ದಯವಿಟ್ಟು ಮಾಡಬೇಡಿ. ಮುಂದೆ ಒಂದು ದಿನ ಒಳಗಿನ ತಂತಿ ಸಾಮಾನಿನ ಲೋಹದ ಮೈಗೆ ತಾಗಿದರೆ ನಿಮ್ಮನ್ನು ಕಾಯುವುದು ಅದೇ ಪಿನ್. ವೈರಿಂಗ್ ಮಾಡುವವರನ್ನು ಕರೆಸಿ ಅರ್ಥಿಂಗ್ ಗುಂಡಿ ತೋಡಿಸುವುದೇ ಸರಿಯಾದ ಕೆಲಸ. ನಾವೂ ಮಾಡಿಸಿದೆವು, ಆದರೆ ಅದು ಹಾಡಿಗೋಸ್ಕರ ಅಲ್ಲ, ಅವ್ವನ ಗೀಸರ್‌ಗೋಸ್ಕರ.

ಸದ್ದಿನ ಮಟ್ಟಿಗೆ ಅಗ್ಗದ ಔಷಧ ಆಪ್ಟಿಕಲ್ ಕೇಬಲ್. ಅದರಲ್ಲಿ ಹರಿಯುವುದು ಬರೀ ಬೆಳಕು. ಎರಡು ಸಾಮಾನುಗಳ ನಡುವೆ ಲೋಹದ ಸಂಬಂಧವೇ ಇಲ್ಲ ಅಂದಮೇಲೆ ಕರೆಂಟು ಸೋರುವ ದಾರಿಯೂ ಇಲ್ಲ. ಪ್ರತಿ ಅಳತೆಗೆ 24 ಬಿಟ್, 96 ಕಿಲೋಹರ್ಟ್ಸ್‌ವರೆಗೆ ಅದು ಆರಾಮಾಗಿ ಒಯ್ಯುತ್ತದೆ. ಎರಡು ತುದಿಗೂ ಸಣ್ಣ ಪ್ಲಾಸ್ಟಿಕ್ ಟೋಪಿ ಇರುತ್ತದೆ, ತೆಗೆದು ಚುಚ್ಚಿ. ತೀರಾ ಬಗ್ಗಿಸಬೇಡಿ. ಆದರೆ ನನ್ನ ಲ್ಯಾಪ್‌ಟಾಪಿಗೆ ಆಪ್ಟಿಕಲ್ ಇಲ್ಲ. ಯಾವುದಕ್ಕಿದೆ ಅಂತ ಮನೆಯೆಲ್ಲ ನೋಡಿದರೆ, ಟಿವಿಯ ಬೆನ್ನಿಗೆ!

ಇದನ್ನು ತುಂಬಾ ಜನ ಮರೆಯುತ್ತಾರೆ. ಸ್ಮಾರ್ಟ್ ಟಿವಿಯಲ್ಲಿ ಸ್ಪಾಟಿಫೈ, ಯೂಟ್ಯೂಬ್ ಇದ್ದೇ ಇರುತ್ತವೆ. ಆಪ್ಟಿಕಲ್ ಕೇಬಲ್ ಒಂದನ್ನು ತಂದರೆ ಸ್ಟ್ರೀಮರ್ ತಯಾರು. ಒಂದೇ ಒಂದು ಸೆಟ್ಟಿಂಗ್ ಬದಲಿಸಬೇಕು. ಟಿವಿಯ ಸೌಂಡ್ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ ಆಟೋ ಅಂತ ಇದ್ದರೆ ಅದನ್ನು ಪಿ.ಸಿ.ಎಂ. ಮಾಡಿ, ಅಂದರೆ ಸಂಕುಚಿಸದ ಸಾದಾ ಡಿಜಿಟಲ್ ಸದ್ದು. ಇಲ್ಲದಿದ್ದರೆ ಕೆಲವು ವಿಡಿಯೋಗಳಲ್ಲಿ ಡಾಲ್ಬಿ ಸಿಗ್ನಲ್ ಹೋಗುತ್ತದೆ, ಸಾದಾ ಡ್ಯಾಕ್‌ಗೆ ಅದು ತಿಳಿಯದೆ ಸುಮ್ನೆ ಕೂರುತ್ತದೆ. ಟಿವಿಯಿಂದಲೂ ಡಿಸ್‌ಪ್ಲೇ 48 ಅಂತಲೇ ತೋರಿಸಿತು. ಗುಂಯ್ ಇಲ್ಲವೇ ಇಲ್ಲ. ಟಿವಿಗೆ ಆಪ್ಟಿಕಲ್ ಇಲ್ಲದಿದ್ದರೆ ಎಚ್‌ಡಿಎಂಐ ಆಡಿಯೋ ಎಕ್ಸ್‌ಟ್ರಾಕ್ಟರ್ ಅನ್ನುವ ಸಣ್ಣ ಡಬ್ಬಿ ಸಿಗುತ್ತದೆ. ಟಿವಿಗೆ ಚುಚ್ಚುವ ಫೈರ್ ಟಿವಿ ಸ್ಟಿಕ್‌ನಂಥ ಸಾಮಾನಿನಿಂದ ಸದ್ದನ್ನು ಬೇರೆ ಮಾಡಿ ಆಪ್ಟಿಕಲ್‌ನಲ್ಲಿ ಕೊಡುತ್ತದೆ.

ಅಪ್ಪನಿಗೆ ಈ ದಾರಿಯೇ ಇಷ್ಟವಾಯಿತು. ಅವರು ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಅಭಿಮಾನಿ. ಗಂಧರ್ವರು 1924ರಲ್ಲಿ ಹುಟ್ಟಿದ್ದು ಇಲ್ಲೇ ಪಕ್ಕದ ಸುಳೇಭಾವಿಯಲ್ಲಿ ಅಂತ ಮನೆಗೆ ಬಂದವರಿಗೆಲ್ಲ ಹೇಳದೆ ಬಿಡುವುದಿಲ್ಲ. ಟಿವಿ ರಿಮೋಟ್ ಕೈಯಲ್ಲಿ, ಯೂಟ್ಯೂಬ್‌ನಲ್ಲಿ ಹಳೆಯ ಕಛೇರಿಗಳು, ಸದ್ದು ದೊಡ್ಡ ಸ್ಪೀಕರಿನಲ್ಲಿ. ಅವರಿಗೆ ಇನ್ನೇನೂ ಬೇಡ. ನನಗೆ ಮಾತ್ರ ಹಾಡು ಕೇಳಲು ಟಿವಿ ಪರದೆ ಉರಿಯುತ್ತಿರಬೇಕು ಅನ್ನುವುದು ಸರಿ ಬರಲಿಲ್ಲ.

ಹಾಗಾಗಿ ನನಗೋಸ್ಕರ ರಾಸ್ಪ್‌ಬೆರಿ ಪೈ 3 ಅನ್ನುವ ಹಳೆಯ ಪುಟ್ಟ ಕಂಪ್ಯೂಟರ್ ಹೊರತೆಗೆದೆ. ಪರದೆ ಇಲ್ಲದ ರಾಸ್ಪ್‌ಬೆರಿ ಪೈ ಓಎಸ್ ಲೈಟ್ ಅನ್ನು ಎಸ್‌ಡಿ ಕಾರ್ಡಿಗೆ ಬರೆದು, ಅದರ ಮೇಲೆ ಎರಡೇ ಸಾಫ್ಟ್‌ವೇರ್ ಹಾಕಿದೆ. ಸ್ಪಾಟಿಫೈಗೆ ರಾಸ್ಪಾಟಿಫೈ, ಐಫೋನ್‌ಗಳಿಗೆ ಶೇರ್‌ಪೋರ್ಟ್ ಸಿಂಕ್. ಎರಡೂ ಪುಕ್ಕಟೆ. ಮೊದಲನೆಯದಕ್ಕೆ ಸ್ಪಾಟಿಫೈ ಪ್ರೀಮಿಯಂ ಇರಲೇಬೇಕು. ಸೆಟ್ಟಿಂಗ್ ಫೈಲಿನಲ್ಲಿ ಬಿಟ್‌ರೇಟ್ 320 ಮಾಡಿ, ಔಟ್‌ಪುಟ್ ಯುಎಸ್‌ಬಿ ಡ್ಯಾಕ್ ಅಂತ ಬರೆಯಬೇಕು. ಪೈ ಬೋರ್ಡಿನ ಮೇಲಿರುವ ಹೆಡ್‌ಫೋನ್ ತೂತಿನ ತಂಟೆಗೆ ಹೋಗಬೇಡಿ, ಅದರ ಸದ್ದು ಸಪ್ಪೆ. ಮೊದಲ ಸಲ ಹಾಡು ಹಚ್ಚುವಾಗ ಆಂಪ್ಲಿಫೈಯರ್ ವಾಲ್ಯೂಮ್ ಪೂರ್ತಿ ಇಳಿಸಿಡಿ. ಆ್ಯಪ್‌ನಲ್ಲಿ ವಾಲ್ಯೂಮ್ ಪೂರ್ತಿ ಏರಿಸಿ, ಬೇಕಾದಷ್ಟನ್ನು ಆಂಪ್ಲಿಫೈಯರ್ ತಿರುಗಣೆಯಲ್ಲಿ ಹೊಂದಿಸಿಕೊಳ್ಳಿ.

ಇದಾದ ಮೇಲೆ ಫೋನಿನ ಸ್ಪಾಟಿಫೈಯಲ್ಲಿ ಡಿವೈಸ್ ಪಟ್ಟಿ ತೆಗೆದರೆ ಪೈ ಹೆಸರು ಕಾಣುತ್ತದೆ. ಒತ್ತಿದರೆ ಹಾಡು ಫೋನಿನ ಮೂಲಕ ಹಾಯದೆ ನೇರ ಇಂಟರ್‌ನೆಟ್‌ನಿಂದ ಪೈಗೆ ಇಳಿಯುತ್ತದೆ. ಫೋನ್ ಬರಲಿ, ಮೆಸೇಜ್ ಬರಲಿ, ಹಾಡು ಅದರ ಪಾಡಿಗೆ ಅದು. ಡಿಸ್‌ಪ್ಲೇ 44.1 ತೋರಿಸಿತು. ತಂಗಿಯ ಐಫೋನಿನಿಂದ ಏರ್‌ಪ್ಲೇ ಮಾಡಿದರೂ, ಅಂದರೆ ಆಪಲ್ ದಾರಿಯಲ್ಲಿ ವೈಫೈ ಮೂಲಕ ಹಾಡು ಕಳಿಸಿದರೂ, 44.1. ಒಬ್ಬರ ಹಾಡು ನಿಲ್ಲಿಸಿ ಇನ್ನೊಬ್ಬರು ಹಚ್ಚಬೇಕು ಅಷ್ಟೇ, ಡ್ಯಾಕ್ ಒಂದು ಸಲಕ್ಕೆ ಒಬ್ಬರ ಕೈಗೇ ಸಿಗುತ್ತದೆ. ಪೈಯನ್ನು ಡ್ಯಾಕ್‌ಗೆ ಯುಎಸ್‌ಬಿಯಲ್ಲೇ ಜೋಡಿಸಿದ್ದೇನೆ. ಎರಡು ಪಿನ್ನಿನ ಸಣ್ಣ ಅಡಾಪ್ಟರ್, ಜೊತೆಗೆ ವೈಫೈ, ಹಾಗಾಗಿ ಗುಂಯ್ ಸದ್ದು ಕೇಳಿಸುವಷ್ಟು ಇಲ್ಲ.

ಪೈಗೆ ನಮ್ಮ ಕಡೆ ಇರುವ ದೊಡ್ಡ ಶತ್ರು ಕರೆಂಟು. ಮಳೆಗಾಲದಲ್ಲಿ ಲೈಟ್ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಕಾರ್ಡಿಗೆ ಏನೋ ಬರೆಯುತ್ತಿರುವಾಗ ಹೋದರೆ ಕಾರ್ಡ್ ಕೆಟ್ಟು ಪೈ ಏಳುವುದೇ ಇಲ್ಲ. ಇದಕ್ಕೆ ರಾಸ್ಪಿ ಕಾನ್ಫಿಗ್ ಮೆನುವಿನಲ್ಲೇ ಓವರ್‌ಲೇ ಫೈಲ್ ಸಿಸ್ಟಮ್ ಅನ್ನುವ ಆಯ್ಕೆ ಇದೆ. ಎಲ್ಲ ಸೆಟ್ಟಿಂಗ್ ಮುಗಿದ ಮೇಲೆ ಅದನ್ನು ಆನ್ ಮಾಡಿದರೆ ಪೈ ಕಾರ್ಡಿನಿಂದ ಓದುತ್ತದೆ, ಬರೆಯುವುದೆಲ್ಲ ರ‍್ಯಾಮ್‌ನಲ್ಲಿ. ಸ್ವಿಚ್ ಯಾವಾಗ ಬೇಕಾದರೂ ಆರಿಸಬಹುದು. ಮುಂದೆ ಏನಾದರೂ ಬದಲಿಸಬೇಕಾದರೆ ಅದನ್ನು ಆಫ್ ಮಾಡಿ, ಬದಲಿಸಿ, ಮತ್ತೆ ಆನ್ ಮಾಡಬೇಕು. ರೂಟರನ್ನು ಇನ್ವರ್ಟರ್ ಸಾಲಿಗೆ ಹಾಕಿದ್ದೇನೆ.

ಇಷ್ಟೆಲ್ಲ ಕೈಯಾಡಿಸಲು ಪುರುಸೊತ್ತು ಇಲ್ಲದವರಿಗೆ ವಿಮ್ ಮಿನಿ ಅನ್ನುವ ಅಂಗೈ ಅಗಲದ ಸ್ಟ್ರೀಮರ್ ಇದೆ. ಸ್ಪಾಟಿಫೈ, ಏರ್‌ಪ್ಲೇ ಎರಡೂ ಇವೆ, ಆಪ್ಟಿಕಲ್ ಔಟ್ ಕೂಡ ಇದೆ. ಹೊಸ ಪೈ, ಅಡಾಪ್ಟರ್, ಕಾರ್ಡ್, ಡಬ್ಬಿ ಎಲ್ಲ ಹೊಸದಾಗಿ ಕೊಳ್ಳುವುದಾದರೆ ನಾನೂ ಅದನ್ನೇ ತಗೊಳ್ಳಿ ಅನ್ನುತ್ತೇನೆ. ಪೈ ಅಗ್ಗ ಆಗುವುದು ಅದು ಮನೆಯಲ್ಲಿ ಆಗಲೇ ಇದ್ದರೆ ಮಾತ್ರ. ಗೂಗಲ್‌ನ ಕ್ರೋಮ್‌ಕಾಸ್ಟ್ ಆಡಿಯೋ ಕೂಡ ಇಂಥದ್ದೇ ಇತ್ತು, 2019ರಲ್ಲಿ ನಿಲ್ಲಿಸಿಬಿಟ್ಟರು. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಅದರ ಆಪ್ಟಿಕಲ್‌ಗೆ ಮಾಮೂಲಿ ಕೇಬಲ್ ಹಿಡಿಸುವುದಿಲ್ಲ, 3.5 ಮಿ.ಮೀ. ತೂತಿಗೆ ಹೋಗುವ ಮಿನಿ ಟಾಸ್‌ಲಿಂಕ್ ತುದಿ ಬೇಕು.

ಹೈ ರೆಸೊಲ್ಯೂಷನ್, ಅಂದರೆ ಸಿ.ಡಿ.ಗಿಂತ ದೊಡ್ಡ ಅಂಕಿಯ ಹಾಡು, ಬೇಡವಾ ಅಂತ ಕೇಳುವವರಿದ್ದಾರೆ. ಆಪಲ್ ಮ್ಯೂಸಿಕ್ 2021ರಿಂದ 24 ಬಿಟ್, 192 ಕಿಲೋಹರ್ಟ್ಸ್‌ವರೆಗೂ ಕೊಡುತ್ತಿದೆ. ಸಂಕುಚಿಸದಿದ್ದರೆ ಸೆಕೆಂಡಿಗೆ 9.2 ಮೆಗಾಬಿಟ್ ಆಗುತ್ತದೆ, ಸಿ.ಡಿ.ಗೆ 1.4 ಸಾಕು. ನಮ್ಮ ಗೋಡೆಯಾಚೆ ಪವರ್‌ಲೂಮ್ ಇದೆ. ಅದು ಓಡುವ ಹೊತ್ತಿನಲ್ಲಿ ಯಾವ ಅಂಕಿಯೂ ಲೆಕ್ಕಕ್ಕಿಲ್ಲ. ಇನ್ನು ಅಪ್ಪ ಕೇಳುವ ಹಳೆಯ ಟೇಪ್ ರೆಕಾರ್ಡಿಂಗ್‌ಗಳನ್ನು ಎಷ್ಟೇ ದೊಡ್ಡ ಫೈಲಿನಲ್ಲಿ ಕೊಟ್ಟರೂ ಅಂದು ಮೈಕ್ ಹಿಡಿದಷ್ಟೇ ಅದರಲ್ಲಿರುವುದು.

ಈಗ ಇ30ಯ ಯುಎಸ್‌ಬಿಗೆ ಪೈ, ಆಪ್ಟಿಕಲ್‌ಗೆ ಟಿವಿ. ಎರಡೂ ಸದಾ ಜೋಡಿಸಿಯೇ ಇರುತ್ತವೆ. ಡ್ಯಾಕ್‌ನ ರಿಮೋಟಿನಲ್ಲಿ ಇನ್‌ಪುಟ್ ಬದಲಿಸುವ ಬಟನ್ ಮೇಲೆ ಕೆಂಪು ನೇಲ್ ಪಾಲಿಶ್ ಚುಕ್ಕೆ ಇಟ್ಟಿದ್ದೇನೆ. ಅಪ್ಪನಿಗೆ ಆ ರಿಮೋಟಿನಲ್ಲಿ ಅದೊಂದೇ ಬಟನ್ ಬೇಕಾಗಿರುವುದು.