ಬ್ರೌಸರ್ ಮೇಲಿನ ಪಟ್ಟಿ ಮಾಯ ಆದಾಗ ನಾನು ಹುಡುಕೋ ರೀತಿ – ನನ್ನ ಅನುಭವ

ನಾನು ಅರಸೀಕೆರೇಲಿ ಒಂದು ಸಣ್ಣ ಸೈಬರ್ ಸೆಂಟರ್ ನಡೆಸ್ತೀನಿ. ಪಹಣಿ, ಜಾತಿ ಆದಾಯ ಸರ್ಟಿಫಿಕೇಟು, ಸ್ಕಾಲರ್‌ಶಿಪ್ ಅರ್ಜಿ, ಜೆರಾಕ್ಸು, ಮಧ್ಯೆ ಮಧ್ಯೆ ಗೊತ್ತಿರೋರ ಮನೆ ಕಂಪ್ಯೂಟರ್ ನೋಡಿ ಬರೋದು. ಇಷ್ಟು ವರ್ಷದಲ್ಲಿ ಅತಿ ಹೆಚ್ಚು ಬಂದಿರೋ ಕಂಪ್ಲೇಂಟ್ ಯಾವ್ದು ಅಂತ ಕೇಳಿದ್ರೆ ಪ್ರಿಂಟರ್ ಬಿಟ್ರೆ ಇದೇ, "ಬ್ರೌಸರ್ ಮೇಲ್ಗಡೆ ಇದ್ದಿದ್ದೆಲ್ಲಾ ಹೋಗ್ಬಿಟ್ಟಿದೆ". ಒಬ್ಬೊಬ್ರು ಒಂದೊಂದು ಹೆಸರಲ್ಲಿ ಹೇಳ್ತಾರೆ, ಟೂಲ್‌ಬಾರ್ ಅಂತಾರೆ, ಪಟ್ಟಿ ಅಂತಾರೆ, ಸ್ಟಾರ್ ಹಾಕಿದ್ದೆಲ್ಲಾ ಹೋಯ್ತು ಅಂತಾರೆ, ಹೋಗಿರೋದು ಮಾತ್ರ ಪ್ರತಿ ಸಲ ಬೇರೆ ಬೇರೆ.

ಮೊದಲು ನಾನು ಮಾಡಿದ ಒಂದು ತಪ್ಪು ಹೇಳ್ಬಿಡ್ತೀನಿ, ಯಾಕಂದ್ರೆ ಅದಾದ್ಮೇಲೇ ನಾನು ಈ ಕೆಲಸ ನಿಧಾನವಾಗಿ ಮಾಡೋದು ಕಲಿತಿದ್ದು. ಅಂಗಡಿ ಶುರು ಮಾಡಿದ ಹೊಸದರಲ್ಲಿ ಒಬ್ರು ಅಕ್ಕ ಲ್ಯಾಪ್‌ಟಾಪ್ ತಂದ್ರು, ಸ್ತ್ರೀಶಕ್ತಿ ಸಂಘದ ಲೆಕ್ಕ ಎಲ್ಲಾ ಅವರೇ ನೋಡ್ಕೋತಾ ಇದ್ರು. ಕ್ರೋಮ್‌ನಲ್ಲಿ ಬುಕ್‌ಮಾರ್ಕ್ ಪಟ್ಟಿ, ಅಂದ್ರೆ ಸ್ಟಾರ್ ಒತ್ತಿ ಉಳಿಸಿಟ್ಟ ಸೈಟುಗಳ ಸಾಲು, ಕಾಣ್ತಿಲ್ಲ ಅಂದ್ರು. ನಂಗೆ ಅವತ್ತು ಗಿರಾಕಿಗಳು ಜಾಸ್ತಿ, ಐದು ನಿಮಿಷ ನೋಡ್ದೆ, ಸಿಗ್ಲಿಲ್ಲ, ಕ್ರೋಮ್ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದ್ರೆ ಸರಿಹೋಗುತ್ತೆ ಅಂದ್ಕೊಂಡು ಹಾಗೇ ಮಾಡ್ದೆ, ತೆಗೆಯುವಾಗ ಬ್ರೌಸಿಂಗ್ ಡೇಟಾನೂ ಡಿಲೀಟ್ ಮಾಡ್ಲಾ ಅಂತ ಒಂದು ಟಿಕ್ ಬಾಕ್ಸ್ ಬರುತ್ತೆ ನೋಡಿ, ಅದಕ್ಕೂ ಟಿಕ್ ಹಾಕ್ಬಿಟ್ಟೆ. ಅವರು ಗೂಗಲ್ ಅಕೌಂಟ್‌ಗೆ ಸಿಂಕ್ ಮಾಡಿರ್ಲಿಲ್ಲ, ಅಂದ್ರೆ ಅಲ್ಲೊಂದು ಕಾಪಿ ಇರ್ಲಿಲ್ಲ. ಬುಕ್‌ಮಾರ್ಕು, ಸೇವ್ ಮಾಡಿದ್ದ ಪಾಸ್‌ವರ್ಡು ಒಂದೂ ಉಳೀಲಿಲ್ಲ. ಒಂದೊಂದೇ ಸೈಟಿಗೆ ಪಾಸ್‌ವರ್ಡ್ ಮರೆತೆ ಅಂತ ಒತ್ತಿ, ಒಟಿಪಿ ಕಾದು, ಎಲ್ಲಾ ವಾಪಸ್ ತರೋಕೆ ಎರಡು ದಿನ ಹಿಡೀತು. ಅವರು ಬೈಲಿಲ್ಲ, ಅದೇ ನಂಗೆ ಜಾಸ್ತಿ ನೋವಾಗಿದ್ದು. ಆಮೇಲೆ ಗೊತ್ತಾಯ್ತು, ಆ ಪಟ್ಟಿ ವಾಪಸ್ ಬರೋಕೆ ಕಂಟ್ರೋಲ್, ಶಿಫ್ಟ್, ಬಿ ಮೂರೂ ಒಟ್ಟಿಗೆ ಒಂದ್ಸಲ ಒತ್ತಿದ್ರೆ ಸಾಕಿತ್ತು.

ಹಾಗಾಗಿ ಈಗ ಯಾರೇ ಬಂದ್ರೂ ಮೊದಲು ಮೌಸ್ ಮುಟ್ಟಲ್ಲ, ಯಾವ ಪಟ್ಟಿ ಹೋಗಿದೆ ಅಂತ ನೋಡ್ತೀನಿ. ಬ್ರೌಸರ್ ಮೇಲೆ ಇರೋದು ನಾಲ್ಕೇ ಸಾಲು. ಟ್ಯಾಬ್‌ಗಳ ಸಾಲು, ಅಡ್ರೆಸ್ ಬಾರ್ ಇರೋ ಸಾಲು, ಅದರ ಕೆಳಗೆ ಬುಕ್‌ಮಾರ್ಕ್ ಸಾಲು, ಫೈರ್‌ಫಾಕ್ಸ್ ಆದ್ರೆ ಎಲ್ಲಕ್ಕೂ ಮೇಲೆ ಫೈಲ್ ಎಡಿಟ್ ವ್ಯೂ ಅಂತ ಇರೋ ಮೆನು ಸಾಲು. ಯಾವುದು ಇದೆ ಯಾವುದು ಇಲ್ಲ ಅಂತ ಗೊತ್ತಾದ್ರೆ ಅರ್ಧ ಕೆಲಸ ಮುಗೀತು.

ನಾಲ್ಕೂ ಇಲ್ಲ, ಪೇಜು ಪೂರ್ತಿ ಸ್ಕ್ರೀನ್ ತುಂಬ್ಕೊಂಡಿದೆ, ಕೆಳಗಡೆ ಟೈಮ್ ತೋರ್ಸೋ ಪಟ್ಟೀನೂ ಇಲ್ಲ ಅಂದ್ರೆ ಫುಲ್ ಸ್ಕ್ರೀನ್ ಆಗಿದೆ ಅಂತ, ಎಫ್ 11 ಒತ್ತಿ ಅಷ್ಟೇ. ಲ್ಯಾಪ್‌ಟಾಪ್‌ನಲ್ಲಿ ಆ ಕೀಗೆ ಸೌಂಡೋ ಬ್ರೈಟ್ನೆಸ್ಸೋ ಕೊಟ್ಟಿರ್ತಾರೆ, ಆಗ ಎಫ್‌ಎನ್ ಕೀ ಹಿಡ್ಕೊಂಡು ಎಫ್ 11 ಒತ್ಬೇಕು. ನಮ್ಮ ಕಡೆ ಇದು ಯಾಕೆ ಇಷ್ಟೊಂದು ಸಲ ಆಗುತ್ತೆ ಅಂತ ನಾನು ಬಹಳ ದಿನ ಯೋಚ್ನೆ ಮಾಡಿದ್ದೆ, ಒಂದಿನ ಡಿಟಿಪಿ ಕೆಲಸ ಮಾಡೋ ಹುಡುಗಿ ಪಕ್ಕದಲ್ಲಿ ಕೂತು ಅರ್ಜಿ ತುಂಬೋವಾಗ ಹೊಳೀತು. ಬರಹ ತಂತ್ರಾಂಶದಲ್ಲಿ ಕನ್ನಡದಿಂದ ಇಂಗ್ಲಿಷ್‌ಗೆ ಹೋಗೋಕೆ ಎಫ್ 11 ಒತ್ತಿ ಒತ್ತಿ ಅವಳ ಬೆರಳಿಗೆ ಅಭ್ಯಾಸ ಆಗಿದೆ, ಇಲ್ಲಿ ಬರಹ ಓಡ್ತಾ ಇಲ್ಲ, ಹೆಸರು ಕನ್ನಡದಲ್ಲಿ ಟೈಪ್ ಮಾಡ್ಬೇಕು ಅಂದ ತಕ್ಷಣ ಬೆರಳು ತಾನಾಗೇ ಹೋಗಿ ಎಫ್ 11 ಒತ್ತುತ್ತೆ, ಬ್ರೌಸರ್ ಫುಲ್ ಸ್ಕ್ರೀನ್ ಆಗುತ್ತೆ. "ಅಣ್ಣಾ ಎಲ್ಲಾ ಹೋಯ್ತು" ಅಂತ ಗಾಬರಿ. ಅದಾದ್ಮೇಲೆ ಬರಹ ಬಳಸೋರು ಯಾರು ಬಂದ್ರೂ ನಾನು ಮೊದಲೇ ಹೇಳ್ಬಿಡ್ತೀನಿ, ಮತ್ತೊಂದ್ಸಲ ಅದನ್ನೇ ಒತ್ತಿ ಅಂತ.

ಎಫ್ 11 ಒತ್ತಿದ್ರೂ ಅಡ್ರೆಸ್ ಬಾರ್ ಬರ್ಲಿಲ್ಲ, ಆದ್ರೆ ಕೆಳಗಡೆ ಟಾಸ್ಕ್‌ಬಾರ್ ಇದೆ, ಮೇಲೆ ಸೈಟಿನ ಹೆಸರು ಮೂರು ಚುಕ್ಕೆ ಮಾತ್ರ ಇದೆ ಅಂದ್ರೆ ಅದು ಬೇರೆ ಕಥೆ. ಪಿಯುಸಿ ಓದೋ ಹುಡುಗನೊಬ್ಬ ಅವರಪ್ಪನಿಗೆ ಅನುಕೂಲ ಆಗ್ಲಿ ಅಂತ ಪಹಣಿ ನೋಡೋ ಸೈಟನ್ನ ಕ್ರೋಮ್‌ನಿಂದ ಡೆಸ್ಕ್‌ಟಾಪ್ ಮೇಲೆ ಶಾರ್ಟ್‌ಕಟ್ ಮಾಡಿಟ್ಟಿದ್ದ, ಮಾಡೋವಾಗ ಓಪನ್ ಆಸ್ ವಿಂಡೋ ಅನ್ನೋದಕ್ಕೆ ಟಿಕ್ ಬಿದ್ದಿದೆ. ಹಾಗೆ ಮಾಡಿದ್ರೆ ಆ ಸೈಟು ಆ್ಯಪ್ ಥರ ತೆರೆಯುತ್ತೆ, ಟ್ಯಾಬ್ ಇಲ್ಲ, ಅಡ್ರೆಸ್ ಬಾರ್ ಇಲ್ಲ, ಬುಕ್‌ಮಾರ್ಕ್ ಇಲ್ಲ. ಅವರಪ್ಪ ದಿನಾ ಅದೇ ಐಕಾನ್ ಒತ್ತಿ, ಕ್ರೋಮೇ ಕೆಟ್ಟೋಗಿದೆ ಅಂತ ತಿಳ್ಕೊಂಡಿದ್ರು. ಆ ಮೂರು ಚುಕ್ಕೆ ಒತ್ತಿದ್ರೆ ಕ್ರೋಮ್‌ನಲ್ಲೇ ತೆರೆಯೋ ಆಯ್ಕೆ ಇರುತ್ತೆ, ಬೇಡ ಅಂದ್ರೆ ಅಲ್ಲೇ ತೆಗೆದೂ ಹಾಕ್ಬಹುದು.

ಬುಕ್‌ಮಾರ್ಕ್ ಸಾಲು ಒಂದೇ ಹೋಗಿದ್ರೆ ಆಗಲೇ ಹೇಳಿದ್ನಲ್ಲ, ಕಂಟ್ರೋಲ್ ಶಿಫ್ಟ್ ಬಿ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ಇದೇ. ಆದ್ರೆ ಕೆಲವ್ರು "ಒಂದ್ಸಲ ಬರುತ್ತೆ ಒಂದ್ಸಲ ಹೋಗುತ್ತೆ" ಅಂತಾರೆ, ಅದನ್ನ ನಂಬ್ಬೇಕು, ಅವರು ಹೇಳ್ತಿರೋದು ನಿಜ. 2021ರ ಜನವರೀಲಿ ಬಂದ ಫೈರ್‌ಫಾಕ್ಸ್ 85ರಿಂದ ಈ ಸಾಲಿಗೆ ಮೂರು ಥರ ಇದೆ, ಯಾವಾಗ್ಲೂ ತೋರ್ಸು, ಹೊಸ ಟ್ಯಾಬಲ್ಲಿ ಮಾತ್ರ ತೋರ್ಸು, ತೋರ್ಸಲೇಬೇಡ. ಎರಡನೇದು ಇದ್ರೆ ಹೊಸ ಟ್ಯಾಬ್ ತೆಗೆದಾಗ ಕಾಣುತ್ತೆ, ಯಾವ್ದಾದ್ರೂ ಸೈಟಿಗೆ ಹೋದ ತಕ್ಷಣ ಮಾಯ. ಕ್ರೋಮ್‌ನಲ್ಲೂ ಪಟ್ಟಿ ಆಫ್ ಮಾಡಿದ್ರೂ ಹೊಸ ಟ್ಯಾಬಲ್ಲಿ ಮುಖ ತೋರ್ಸುತ್ತೆ. ಫೈರ್‌ಫಾಕ್ಸಲ್ಲಿ ಟ್ಯಾಬ್‌ಗಳ ಸಾಲಲ್ಲಿ ಪ್ಲಸ್ ಗುರುತು ಆದ್ಮೇಲೆ ಖಾಲಿ ಜಾಗ ಇರುತ್ತಲ್ಲ ಅಲ್ಲಿ ರೈಟ್ ಕ್ಲಿಕ್ ಮಾಡಿ ಬುಕ್‌ಮಾರ್ಕ್ಸ್ ಟೂಲ್‌ಬಾರ್ ಮೇಲೆ ಹೋದ್ರೆ ಆ ಮೂರೂ ಸಿಗುತ್ತೆ, ಆಲ್ವೇಸ್ ಶೋ ಹಾಕಿ. ಕ್ರೋಮ್‌ನಲ್ಲಿ ಸಾಲು ಬಂತು ಆದ್ರೆ ಒಳಗಡೆ ಏನೂ ಇಲ್ಲ ಅಂದ್ರೆ, ಬಲಗಡೆ ಮೇಲಿರೋ ಗುಂಡನೆ ಫೋಟೋ ನೋಡಿ, ಮನೇಲಿ ಇನ್ಯಾರೋ ಅವರ ಪ್ರೊಫೈಲ್‌ನಲ್ಲಿ (ಒಬ್ಬೊಬ್ರಿಗೂ ಬೇರೆ ಬೇರೆ ಇರೋ ಖಾತೆ) ಕ್ರೋಮ್ ತೆಗೆದಿಟ್ಟಿರ್ತಾರೆ.

ಟ್ಯಾಬ್‌ಗಳು ಮಾತ್ರ ಮೇಲಿಂದ ಹೋಗಿ ಎಡಗಡೆ ಉದ್ದಕ್ಕೆ ನಿಂತಿದ್ರೆ ಅದು ವರ್ಟಿಕಲ್ ಟ್ಯಾಬ್, ಎಡ್ಜ್‌ನಲ್ಲಿ ಕಂಟ್ರೋಲ್ ಶಿಫ್ಟ್ ಜೊತೆ ಕಾಮಾ ಒತ್ತಿದ್ರೆ ಆಗುತ್ತೆ ಹೋಗುತ್ತೆ. ಎಕ್ಸ್‌ಟೆನ್ಷನ್, ಅಂದ್ರೆ ಬ್ರೌಸರ್‌ಗೆ ನಾವು ಸೇರಿಸ್ಕೊಳ್ಳೋ ಸಣ್ಣ ಪ್ರೋಗ್ರಾಂ, ಅದರ ಐಕಾನ್ ಕಾಣ್ತಿಲ್ಲ ಅಂದ್ರೆ ಪಜಲ್ ತುಂಡಿನ ಥರ ಇರೋ ಗುರುತು ಒತ್ತಿ ಪಿನ್ ಮಾಡಿ.

ಮೆನು ಸಾಲಿನ ವಿಷ್ಯ ವಯಸ್ಸಾದವರಿಗೆ ಬಹಳ ಮುಖ್ಯ. ಅವರು ಕಂಪ್ಯೂಟರ್ ಕಲಿತಾಗ ಫೈಲ್, ಎಡಿಟ್, ವ್ಯೂ, ಟೂಲ್ಸ್ ಕಣ್ಣೆದುರಿಗೇ ಇರ್ತಿತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರ್ 7 ಬಂದಾಗ, 2006ರಲ್ಲಿ, ಅದನ್ನ ಮುಚ್ಚಿಟ್ರು, 2011ರಲ್ಲಿ ಫೈರ್‌ಫಾಕ್ಸ್ 4 ಬಂದಾಗ ವಿಂಡೋಸ್ 7ರಲ್ಲಿ ಅಲ್ಲೂ ಮುಚ್ಚಿತು. ಕ್ರೋಮ್‌ಗೆ ವಿಂಡೋಸಲ್ಲಿ ಮೊದಲಿಂದ್ಲೂ ಆ ಸಾಲು ಇಲ್ವೇ ಇಲ್ಲ, ಅದನ್ನ ಹುಡುಕೋಕೆ ಹೋಗ್ಬೇಡಿ. ಫೈರ್‌ಫಾಕ್ಸಲ್ಲಿ ಆಲ್ಟ್ ಕೀ ಒಂದ್ಸಲ ಒತ್ತಿಬಿಟ್ರೆ ಬರುತ್ತೆ, ಬೇರೆ ಕಡೆ ಕ್ಲಿಕ್ ಮಾಡಿದ್ರೆ ಹೋಗುತ್ತೆ, ಖಾಯಂ ಬೇಕು ಅಂದ್ರೆ ಆಲ್ಟ್ ಒತ್ತಿ ವ್ಯೂ, ಅದರಲ್ಲಿ ಟೂಲ್‌ಬಾರ್ಸ್, ಅದರಲ್ಲಿ ಮೆನು ಬಾರ್‌ಗೆ ಟಿಕ್ ಹಾಕ್ಬೇಕು.

ಈಗ ನಮ್ಮ ಮೇಷ್ಟ್ರ ವಿಷ್ಯ. ಇದು ನಂಗೆ ನಿಜವಾಗ್ಲೂ ತಲೆ ತಿಂದ ಕೇಸು.

ಮೇಷ್ಟ್ರು ನಂಗೆ ಹೈಸ್ಕೂಲಲ್ಲಿ ಕನ್ನಡ ಹೇಳ್ಕೊಟ್ಟೋರು, ರಿಟೈರ್ ಆದ್ಮೇಲೆ ನಮ್ಮ ತಾಲ್ಲೂಕಿನ ಶಾಸನಗಳ ಬಗ್ಗೆ ಓದ್ತಾ ಬರೀತಾ ಇದಾರೆ, ಹಳೇ ಸಂಪುಟಗಳ ಸ್ಕ್ಯಾನು, ನಿಘಂಟು, ಎಲ್ಲಾ ಫೈರ್‌ಫಾಕ್ಸ್ ಬುಕ್‌ಮಾರ್ಕ್ ಸಾಲಲ್ಲಿ ಹೋಬಳಿವಾರು ಫೋಲ್ಡರ್ ಮಾಡಿ ಇಟ್ಕೊಂಡಿದಾರೆ. ಒಂದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೀತಾ ಇದ್ದೆ, ಫೋನು.

"ಲೋ, ಮೇಲಿಂದೆಲ್ಲಾ ಹೋಗ್ಬಿಟ್ಟಿದೆ ಕಣೋ. ಮೆನೂನೂ ಇಲ್ಲ, ನನ್ನ ಫೋಲ್ಡರ್‌ಗಳೂ ಇಲ್ಲ."

"ಸಾರ್, ಗಾಬರಿ ಆಗ್ಬೇಡಿ. ಏನೂ ಒತ್ಬೇಡಿ. ಅಡ್ರೆಸ್ ಟೈಪ್ ಮಾಡೋ ಜಾಗ ಇದ್ಯಾ?"

ಇದೆ ಅಂದ್ರು. ಆಲ್ಟ್ ಒತ್ಸಿದೆ, ಮೆನು ಬಂತು. ಟಿಕ್ ಹಾಕ್ಸಿದೆ, ಕಂಟ್ರೋಲ್ ಶಿಫ್ಟ್ ಬಿ ಒತ್ಸಿದೆ, ಫೋಲ್ಡರ್‌ಗಳು ಬಂದ್ವು, ಮೇಷ್ಟ್ರು ಖುಷಿಯಾಗಿ ಫೋನಿಟ್ರು. ಮಾರನೇ ದಿನ ಬೆಳಿಗ್ಗೆ ಅದೇ ಹೊತ್ತಿಗೆ ಮತ್ತೆ ಫೋನು, ಮತ್ತೆ ಹೋಗಿದೆ ಅಂತ. ಮತ್ತೆ ಮಾಡಿಸ್ದೆ. ಮೂರನೇ ದಿನಾನೂ ಅದೇ. ಆಗ ಇದು ಫೋನಲ್ಲಿ ಆಗೋ ಕೆಲಸ ಅಲ್ಲ ಅಂತ ಮಧ್ಯಾಹ್ನ ಊಟದ ಹೊತ್ತಲ್ಲಿ ಅವರ ಮನೆಗೇ ಹೋದೆ.

ನನ್ನ ಮೊದಲ ಅನುಮಾನ ಎಕ್ಸ್‌ಟೆನ್ಷನ್ ಮೇಲೆ. ಫೈರ್‌ಫಾಕ್ಸ್ ಮುಚ್ಚಿ, ಶಿಫ್ಟ್ ಹಿಡ್ಕೊಂಡು ತೆಗೆದೆ, ಹಾಗೆ ತೆಗೆದ್ರೆ ಟ್ರಬಲ್‌ಶೂಟ್ ಮೋಡ್ ಅಂತ ಬರುತ್ತೆ, ಮೊದಲು ಇದಕ್ಕೆ ಸೇಫ್ ಮೋಡ್ ಅಂತಿದ್ರು, ಎಕ್ಸ್‌ಟೆನ್ಷನ್ನು ಥೀಮು ಎಲ್ಲಾ ತಾತ್ಕಾಲಿಕವಾಗಿ ನಿಲ್ಸುತ್ತೆ. ಅಲ್ಲಿ ಒಂದು ಜಾಗ್ರತೆ, ಪಕ್ಕದಲ್ಲೇ ರಿಫ್ರೆಶ್ ಫೈರ್‌ಫಾಕ್ಸ್ ಅಂತ ಇನ್ನೊಂದು ಬಟನ್ ಇರುತ್ತೆ, ಅವಸರದಲ್ಲಿ ಅದನ್ನ ಒತ್ಬೇಡಿ. ಅದು ಬುಕ್‌ಮಾರ್ಕು ಪಾಸ್‌ವರ್ಡು ಉಳಿಸುತ್ತೆ ನಿಜ, ಆದ್ರೆ ಎಕ್ಸ್‌ಟೆನ್ಷನ್ನು, ನೀವು ಜೋಡಿಸಿಟ್ಟ ಸೆಟ್ಟಿಂಗು ಎಲ್ಲಾ ಹೋಗುತ್ತೆ. ಟ್ರಬಲ್‌ಶೂಟ್ ಮೋಡಲ್ಲಿ ಪಟ್ಟಿ ಆನ್ ಮಾಡಿ ಮುಚ್ಚಿ ತೆಗೆದು ನೋಡ್ದೆ, ಮತ್ತೆ ಮಾಯ. ಹಾಗಾದ್ರೆ ಎಕ್ಸ್‌ಟೆನ್ಷನ್ ಕಾರಣ ಅಲ್ಲ.

ಸುಮ್ನೆ ಕೂತ್ಕೊಂಡೆ. ಮೇಷ್ಟ್ರ ಮನೆಯವರು ಮಜ್ಜಿಗೆ ತಂದುಕೊಟ್ರು. ಅದು ಕುಡೀತಾ ಇದ್ದಾಗ ಮೇಷ್ಟ್ರು ಮಾತಿಗೆ ಅಂತ ಅಂದ್ರು, "ಅಲ್ಲಪ್ಪಾ, ಹೋಮ್ ಪೇಜೂ ಹಾಗೇ ಮಾಡುತ್ತೆ, ನಾನು ನಿಘಂಟು ಹಾಕಿರ್ತೀನಿ, ಬೆಳಿಗ್ಗೆ ನೋಡಿದ್ರೆ ಹಳೇದೇ ಇರುತ್ತೆ." ಆ ಒಂದು ಮಾತು ಸಾಕಾಯ್ತು. ಪಟ್ಟಿ ಒಂದೇ ಹೋಗ್ತಾ ಇಲ್ಲ, ಮಾಡಿದ ಯಾವ ಬದಲಾವಣೇನೂ ನಿಲ್ತಾ ಇಲ್ಲ. ಅಂದ್ರೆ ಫೈರ್‌ಫಾಕ್ಸ್‌ಗೆ ಬರೆದಿಡೋಕೇ ಆಗ್ತಿಲ್ಲ.

ಅಡ್ರೆಸ್ ಬಾರ್‌ನಲ್ಲಿ ಅಬೌಟ್ ಅಂತ ಇಂಗ್ಲಿಷಲ್ಲಿ ಹೊಡೆದು, ಕೋಲನ್ ಹಾಕಿ, ಜಾಗ ಬಿಡದೆ ಸಪೋರ್ಟ್ ಅಂತ ಹೊಡೆದ್ರೆ ಒಂದು ಪೇಜ್ ಬರುತ್ತೆ, ಅದರಲ್ಲಿ ಪ್ರೊಫೈಲ್ ಫೋಲ್ಡರ್ (ಫೈರ್‌ಫಾಕ್ಸ್ ನಮ್ಮ ಬುಕ್‌ಮಾರ್ಕು, ಸೆಟ್ಟಿಂಗು ಎಲ್ಲಾ ಇಡೋ ಜಾಗ) ಅನ್ನೋದರ ಮುಂದೆ ಓಪನ್ ಫೋಲ್ಡರ್ ಅಂತ ಬಟನ್ ಇದೆ. ಅದನ್ನ ತೆಗೆದು, ಫೈರ್‌ಫಾಕ್ಸ್ ಪೂರ್ತಿ ಮುಚ್ಚಿದೆ, ತೆರೆದಿದ್ದಾಗ ಈ ಫೈಲ್‌ಗಳನ್ನ ಮುಟ್ಟಲೇಬಾರ್ದು. ಅಲ್ಲಿ ಎರಡು ಫೈಲ್ ಮುಖ್ಯ. ಪ್ರೆಫ್ಸ್ (prefs.js) ಅನ್ನೋದರಲ್ಲಿ ಹೋಮ್ ಪೇಜು, ಬುಕ್‌ಮಾರ್ಕ್ ಸಾಲು ತೋರ್ಸ್ಬೇಕಾ ಬೇಡ್ವಾ, ಯಾವ ಬಟನ್ ಎಲ್ಲಿ ಇವೆಲ್ಲಾ ಇರುತ್ತೆ. ಝುಲ್‌ಸ್ಟೋರ್ (xulstore.json) ಅನ್ನೋದರಲ್ಲಿ ಮೆನು ಸಾಲು, ವಿಂಡೋ ಅಳತೆ ಇರುತ್ತೆ. ಎರಡರ ಮೇಲೂ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದ್ರೆ ರೀಡ್ ಓನ್ಲಿಗೆ, ಅಂದ್ರೆ ಓದ್ಬಹುದು ಬದಲಾಯಿಸೋಕಾಗಲ್ಲ ಅನ್ನೋದಕ್ಕೆ, ಟಿಕ್ ಇತ್ತು! ವಿಚಾರಿಸಿದ್ರೆ ಹಿಂದಿನ ವಾರ ಹೊಸ ಡಿಸ್ಕ್ ಹಾಕ್ಸಿದ್ರು, ಹಳೇ ಡಿಸ್ಕಿಂದ ಪ್ರೊಫೈಲ್ ಫೋಲ್ಡರ್ ಹಾಗೇ ಕಾಪಿ ಆಗಿತ್ತು. ಆ ಕೆಲಸದಲ್ಲಿ ಎಲ್ಲೋ ಟಿಕ್ ಬಿದ್ದಿರ್ಬೇಕು, ಅವತ್ತು ಪಟ್ಟಿಗಳು ಮುಚ್ಚಿದ್ದಿರ್ಬೇಕು, ಹಾಗಾಗಿ ದಿನಾ ಬೆಳಿಗ್ಗೆ ಫೈರ್‌ಫಾಕ್ಸ್ ಆ ದಿನಕ್ಕೇ ವಾಪಸ್ ಹೋಗ್ತಿತ್ತು.

ಎರಡರದ್ದೂ ಟಿಕ್ ತೆಗೆದೆ. ಝುಲ್‌ಸ್ಟೋರ್ ಫೈಲಿನ ಹೆಸರು ಬದಲಾಯಿಸಿ ಕೊನೇಲಿ ಹಳೇದು ಅಂತ ಸೇರಿಸ್ದೆ, ಡಿಲೀಟ್ ಮಾಡ್ಲಿಲ್ಲ, ಫೈರ್‌ಫಾಕ್ಸ್ ತೆಗೆದ್ರೆ ಹೊಸದೊಂದು ತಾನೇ ಮಾಡ್ಕೊಳುತ್ತೆ. ಪ್ರೆಫ್ಸ್ ಹಾಗೇ ಬಿಟ್ಟೆ, ಅದರಲ್ಲಿ ಅವರ ಸೆಟ್ಟಿಂಗ್ ಬಹಳ ಇದೆ. ಮತ್ತೆ ಪಟ್ಟಿಗಳನ್ನ ಆನ್ ಮಾಡಿ, ಮುಚ್ಚಿ ತೆಗೆದೆ, ಕಂಪ್ಯೂಟರೇ ರೀಸ್ಟಾರ್ಟ್ ಮಾಡಿ ತೆಗೆದೆ. ನಿಂತಿತು.

ಎದ್ದು ಬರೋ ಮುಂಚೆ ಕಂಟ್ರೋಲ್ ಶಿಫ್ಟ್ ಓ ಒತ್ತಿ ಬುಕ್‌ಮಾರ್ಕ್‌ಗಳ ಲೈಬ್ರರಿ ತೆಗೆದು, ಇಂಪೋರ್ಟ್ ಅಂಡ್ ಬ್ಯಾಕಪ್ ಅನ್ನೋದರಲ್ಲಿ ಬ್ಯಾಕಪ್ ಒತ್ತಿ ಎಲ್ಲಾ ಫೋಲ್ಡರ್‌ಗಳನ್ನ ಒಂದು ಪೆನ್‌ಡ್ರೈವ್‌ಗೆ ಇಳಿಸಿಕೊಟ್ಟೆ. ಮೇಷ್ಟ್ರು ಅದಕ್ಕೊಂದು ಚೀಟಿ ಕಟ್ಟಿ, ತಾರೀಖು ಬರೆದು, ಶಾಸನದ ಟಿಪ್ಪಣಿ ಇಡೋ ಬೀರುವಲ್ಲೇ ಇಟ್ರು. ಈಗ ತಿಂಗಳಿಗೊಂದ್ಸಲ ಅವರೇ ಬ್ಯಾಕಪ್ ತಗೊಂಡು ಚೀಟೀಲಿ ತಾರೀಖು ಬದಲಾಯಿಸ್ತಾರೆ.